ಹೆಬ್ಬೆರಳು ಕೊಟ್ಟ ಸುದ್ದಿ

ನಾನು ಒಂದು ಶ್ರುತಿಕವೆ. ಎರಡೂ ಕೈ ಮೇಲೆತ್ತಿ ಒಂಟಿ ಕಾಲಲ್ಲಿ ನಿಂತವರ ಹಾಗೆ ನನ್ನ ಆಕಾರ. ಮೈಯೆಲ್ಲ ಉಕ್ಕು. ಡಾಕ್ಟರುಗಳು ನನ್ನನ್ನು ಟ್ಯೂನಿಂಗ್ ಫೋರ್ಕ್ ಎನ್ನುತ್ತಾರೆ, ಹಳೇ ಹುಬ್ಬಳ್ಳಿಯ ಹೆಣ್ಣುಮಕ್ಕಳು ‘ಗುಂಯ್ ಅನ್ನೂ ಚಮಚಾ’ ಎನ್ನುತ್ತಾರೆ. ಯಾವ ಹೆಸರು ಹಿಡಿದು ಕರೆದರೂ ನನಗೆ ಖುಷಿಯೇ. ಅಂಗೈಗೆ ಒಮ್ಮೆ ತಟ್ಟಿದರೆ ಸಾಕು, ನಾನು ಎಚ್ಚರಾಗಿಬಿಡುತ್ತೇನೆ! ಸೆಕೆಂಡಿಗೆ ನೂರಿಪ್ಪತ್ತೆಂಟು ಸಲ ನಡುಗುತ್ತೇನೆ. ಓಟದ ಪಂದ್ಯದಲ್ಲಿ ಸೀಟಿ ಊದುವ ಮುಂಚೆ ಮಕ್ಕಳ ಮೈಯಲ್ಲಿ ಒಂದು ಪುಳಕ ಓಡುತ್ತದಲ್ಲ, ಅಂಥ ನಡುಕ ಅದು.

ನಾನು ಹುಟ್ಟಿದ್ದು ದೂರದ ಉತ್ತರದಲ್ಲಿ, ಶಾಲೆ ಕಾಲೇಜುಗಳಿಗೆ ವಿಜ್ಞಾನದ ಸಾಮಾನು ಮಾಡಿ ಕಳಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ. ಉಕ್ಕಿನ ಪಟ್ಟಿಯನ್ನು ಕೆಂಪಗೆ ಕಾಯಿಸಿ ಬಗ್ಗಿಸಿದರು. ಆಮೇಲೆ ಜೋಗಿಂದರ್ ಎಂಬ ಮುದುಕ ಮೇಸ್ತ್ರಿ ನನ್ನನ್ನು ಕೈಗೆತ್ತಿಕೊಂಡ. ಅವನ ಬಳಿ ಒಂದು ಹಳೆಯ ಕವೆ ಇತ್ತು. ನಮ್ಮಿಬ್ಬರನ್ನೂ ಒಟ್ಟಿಗೆ ತಟ್ಟಿ ಕಿವಿಯ ಹತ್ತಿರ ಹಿಡಿಯುತ್ತಿದ್ದ. ಸದ್ದು ವೋಂ ವೋಂ ಎಂದು ತೂಗಾಡುತ್ತಿತ್ತು. ನನ್ನ ತುದಿಯನ್ನು ಅರದಿಂದ ಒಂದಿಷ್ಟು ಉಜ್ಜುವುದು, ಮತ್ತೆ ತಟ್ಟುವುದು, ಮತ್ತೆ ಕೇಳುವುದು. ಕೊನೆಗೊಮ್ಮೆ ತೂಗಾಟ ನಿಂತುಹೋಯಿತು. ಇಬ್ಬರ ಸದ್ದು ಒಂದೇ ಆಯಿತು. ಮುದುಕ ‘ಬಸ್’ ಎಂದು ನನ್ನನ್ನು ಪಕ್ಕಕ್ಕಿಟ್ಟ. ನನ್ನ ನಾಮಕರಣ ಆದದ್ದು ಹೀಗೆ.

ಅಲ್ಲಿಂದ ರಟ್ಟಿನ ಪೆಟ್ಟಿಗೆ, ಲಾರಿ, ರೈಲು. ಹುಬ್ಬಳ್ಳಿಯ ಒಂದು ಅಂಗಡಿಯ ಗಾಜಿನ ಕಪಾಟಿನಲ್ಲಿ ಆರು ತಿಂಗಳು. ಒಂದು ದಿನ ಎರಡು ಜಡೆ ಹಾಕಿಕೊಂಡ ಮೆಡಿಕಲ್ ವಿದ್ಯಾರ್ಥಿನಿಯೊಬ್ಬಳು ಬಂದು ನನ್ನನ್ನು ಕೇಳಿ ಪಡೆದಳು. ಇಂದುಮತಿ ಕಡಪಟ್ಟಿ ಎಂದು ಅವಳ ಹೆಸರು. ಕುಂದಗೋಳದ ಕಡೆಯವಳು. ಹಾಸ್ಟೆಲ್ಲಿಗೆ ಹೋದವಳೇ ರೂಮಿನ ಗೆಳತಿಯರನ್ನೆಲ್ಲ ಸಾಲಾಗಿ ಮಲಗಿಸಿ, ಕಣ್ಣು ಮುಚ್ಚಿಸಿ, ಒಬ್ಬೊಬ್ಬರ ಕಾಲಿಗೂ ನನ್ನನ್ನು ಇಟ್ಟು ನೋಡಿದಳು.

ನನ್ನ ಕೆಲಸ ಬಹಳ ಸರಳ. ನನ್ನನ್ನು ತಟ್ಟಿ, ನನ್ನ ಒಂಟಿ ಕಾಲನ್ನು ನಿಮ್ಮ ಕಾಲಿನ ಹೆಬ್ಬೆರಳ ಎಲುಬಿನ ಮೇಲೆ ಇಡುತ್ತಾರೆ. ನನ್ನ ನಡುಕ ಎಲುಬಿಗೆ ಇಳಿಯುತ್ತದೆ, ಅಲ್ಲಿಂದ ನರವನ್ನು ಹಿಡಿದು ಹಿಮ್ಮಡಿ, ಮೊಣಕಾಲು, ಸೊಂಟ, ಬೆನ್ನು ಹತ್ತಿ ತಲೆಗೆ ಮುಟ್ಟುತ್ತದೆ. ಮನುಷ್ಯನ ಮೈಯಲ್ಲಿ ಅದಕ್ಕಿಂತ ಉದ್ದದ ದಾರಿ ಇಲ್ಲ. ಆ ದಾರಿಯಲ್ಲಿ ಎಲ್ಲಿಯಾದರೂ ಕೆಟ್ಟಿದ್ದರೆ ಸುದ್ದಿ ಮೇಲೆ ಹೋಗುವುದಿಲ್ಲ. ಸುದ್ದಿ ಒಯ್ಯುವ ಅಂಚೆಯವ ನಾನು ಎಂದು ತಿಳಿದ ದಿನ ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತೆ!

ಆದರೆ ಹೆಮ್ಮೆ ಬಹಳ ದಿನ ಉಳಿಯಲಿಲ್ಲ. ಇಂದುಮತಿ ಡಾಕ್ಟರಾದಳು, ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ ದವಾಖಾನೆ ತೆರೆದಳು. ಬರುವವರಿಗೆಲ್ಲ ಜ್ವರ, ಕೆಮ್ಮು, ಹೊಟ್ಟೆನೋವು. ಸ್ಟೆತೊಸ್ಕೋಪಿಗೆ ದಿನವಿಡೀ ಕೆಲಸ, ನನಗೆ ಮೇಜಿನ ಡ್ರಾಯರಿನಲ್ಲಿ ರಬ್ಬರ್ ಬ್ಯಾಂಡು, ಮಾತ್ರೆಯ ಚೀಟಿಗಳ ಜೊತೆ ವಾಸ. ನಾಲ್ಕು ವರ್ಷ ಹೀಗೇ ಕಳೆಯಿತು. ಯಾರಾದರೂ ಡ್ರಾಯರನ್ನು ಜೋರಾಗಿ ಎಳೆದಾಗ ಅಂಚಿಗೆ ತಾಗಿ ಒಂದಿಷ್ಟು ಗುಂಯ್ ಎನ್ನುತ್ತಿದ್ದೆ, ಅಷ್ಟೆ.

ಆಮೇಲೆ ಒಂದು ಬೆಳಿಗ್ಗೆ ಮೈಮುನಾ ಬಂದಳು.

ಇಪ್ಪತ್ತೆರಡು ವಯಸ್ಸಿನ ಹುಡುಗಿ. ಜೊತೆಗೆ ಅವಳ ತಾಯಿ ಹಜರತ್‌ಬಿ. ಇಬ್ಬರೂ ಅದೇ ಓಣಿಯವರು. ಮೈಮುನಾ ಚಪ್ಪಲಿ ತಯಾರಿಸುವ ಒಂದು ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದಳು. ಚಪ್ಪಲಿಯ ಅಟ್ಟೆಗೆ ಬಾರು ಅಂಟಿಸುವುದು ಅವಳ ಕೆಲಸ.

“ಬಾಯಾರ, ಕಾಲು ಜೋಮು ಹಿಡದಂಗ ಆಗತೈತ್ರಿ. ಒಂದೂವರಿ ತಿಂಗಳಾತು, ಬಿಡವಲ್ದು.”

ಇಂದುಮತಿ ಬಗ್ಗಿ ನೋಡಿದಳು. “ಇನ್ನೊಂದು ಚಪ್ಪಲಿ ಎಲ್ಲೈತವಾ?”

ಮೈಮುನಾ ತನ್ನ ಕಾಲು ನೋಡಿಕೊಂಡಳು. ಬಲಗಾಲಲ್ಲಿ ಚಪ್ಪಲಿ ಇತ್ತು, ಎಡಗಾಲು ಬರಿದು. “ಅಯ್ಯ! ಈಗ ಇತ್ತಲ್ರಿ! ಎಲ್ಲಿ ಬಿತ್ತೋ ಏನೋ.”

ಹಜರತ್‌ಬಿಗೆ ನಗು ತಡೆಯಲಾಗಲಿಲ್ಲ. “ದಿನಾ ನೂರು ಚಪ್ಪಲ್ ಮಾಡ್ತಾಳ್ರಿ, ತನ್ನ ಚಪ್ಪಲ್ ಕಾಲಾಗಿಂದ ಜಾರಿದ್ದ ತಿಳಿದಿಲ್ಲ ನೋಡ್ರಿ ಈಕಿಗೆ!”

ಇಂದುಮತಿ ನಗಲಿಲ್ಲ. ಅವಳ ಕೈ ಡ್ರಾಯರಿನೊಳಗೆ ಬಂತು. ರಬ್ಬರ್ ಬ್ಯಾಂಡುಗಳನ್ನು ಸರಿಸಿ ನನ್ನನ್ನು ಹುಡುಕಿತು. ನನ್ನ ಜೀವ ಜುಮ್ಮೆಂದಿತು! ನಾಲ್ಕು ವರ್ಷದ ಮೇಲೆ ಬೆಳಕು, ಅಂಗೈ, ಪೆಟ್ಟು! ಗುಂಯ್ ಎಂದೆ. ನನ್ನನ್ನು ಮೈಮುನಾಳ ಹೆಬ್ಬೆರಳ ಮೇಲೆ ಇಟ್ಟಳು. ನಾನು ಮೈಯಲ್ಲಿದ್ದ ನಡುಕವನ್ನೆಲ್ಲ ಸುರಿದೆ.

“ತಿಳಿತೈತೇನು?” ಎಂದು ಇಂದುಮತಿ ಕೇಳಿದಳು.

ಕಣ್ಣು ಮುಚ್ಚಿಕೊಂಡಿದ್ದ ಮೈಮುನಾ ಸ್ವಲ್ಪ ಕಾದಳು. ಆಮೇಲೆ, “ಇಟ್ಟೀರೇನ್ರಿ?” ಎಂದಳು.

ಆ ಮಾತು ಕೇಳಿ ನನ್ನ ನಡುಕ ಅಲ್ಲೇ ನಿಂತುಹೋಗುವುದೊಂದು ಬಾಕಿ. ನನ್ನ ಕಾಲಡಿಯಲ್ಲಿ ಬೆಚ್ಚಗಿನ ಬೆರಳಿತ್ತು, ಆದರೆ ಆ ಬೆರಳ ಬಾಗಿಲು ಮುಚ್ಚಿತ್ತು. ಇಂದುಮತಿ ನನ್ನನ್ನು ಮತ್ತೆ ತಟ್ಟಿ ಹಿಮ್ಮಡಿಯ ಗಂಟಿನ ಮೇಲಿಟ್ಟಳು. ಇಲ್ಲ. ಮೊಣಕಾಲ ಕೆಳಗಿನ ಎಲುಬಿನ ಮೇಲೆ. ಇಲ್ಲ. ಮೊಣಕಾಲಿಗೆ ಬಂದಾಗ ಹುಡುಗಿ ಬೆಚ್ಚಿದಳು. “ಹಾಂ! ಈಗ ಗುಂಯ್ ಅಂತ್ರಿ!”

ಇಂದುಮತಿ ರಕ್ತ ಪರೀಕ್ಷೆ ಮಾಡಿಸಿದಳು. ಸಕ್ಕರೆ ಕಾಯಿಲೆ ಇರಲಿಲ್ಲ. ಕುಷ್ಠದ ಮಚ್ಚೆ ಇದೆಯೇ ಎಂದು ಮೈಯೆಲ್ಲ ನೋಡಿದಳು, ಅದೂ ಇರಲಿಲ್ಲ. ಊಟದಲ್ಲಿ ಏನೋ ಕೊರತೆ ಇರಬೇಕೆಂದು ವಿಟಮಿನ್ ಮಾತ್ರೆ ಬರೆದುಕೊಟ್ಟಳು. ಆ ತಪ್ಪನ್ನು ಅವಳು ಎಂದೂ ಮುಚ್ಚಿಡಲಿಲ್ಲ. “ಎಲ್ಲಾ ಕೇಳಿದೆ, ಏನು ಉಣ್ತಿ ಅಂತನೂ ಕೇಳಿದೆ, ದಿನಾ ಏನು ಮೂಸ್ತಿ ಅಂತ ಕೇಳಲಿಲ್ಲ” ಎಂದು ಎಷ್ಟೋ ಜನರ ಮುಂದೆ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಎರಡು ತಿಂಗಳು ಮಾತ್ರೆ ನುಂಗಿದರೂ ಮೈಮುನಾ ಸುಧಾರಿಸಲಿಲ್ಲ. ಈಗ ಅವಳು ಕೆಸರಿನಲ್ಲಿ ನಡೆಯುವವರ ಹಾಗೆ ಪಾದಗಳನ್ನು ಎತ್ತಿ ಎತ್ತಿ ಇಡುತ್ತಿದ್ದಳು. ಎತ್ತಿದ ಪಾದ ಜೋತುಬಿದ್ದು ಪಟ್ ಎಂದು ನೆಲಕ್ಕೆ ಬಡಿಯುತ್ತಿತ್ತು. ಅಷ್ಟರಲ್ಲಿ ನಿಂಬೆವ್ವ ಎಂಬ ನಲವತ್ತರ ಹೆಂಗಸು ದವಾಖಾನೆಗೆ ಬಂದಳು.

“ಬಸ್ಸಿನ ಮೆಟ್ಟಲಾ ಏರಾಕ ಬರವಲ್ದ್ರಿ. ಕಾಲಾಗಿನ ಶಕ್ತಿ ಯಾರೋ ಕಸಗೊಂಡಂಗ ಆಗೇತಿ.”

ಇಂದುಮತಿ ನನ್ನನ್ನು ಅವಳ ಹೆಬ್ಬೆರಳಿಗೆ ಇಟ್ಟಳು. ಅಲ್ಲಿಯೂ ಬಾಗಿಲು ಮುಚ್ಚಿತ್ತು.

“ಎಲ್ಲಿ ಕೆಲಸಾ ಮಾಡ್ತೀರಿ?”

“ಪಾವಟೆ ಸಾವಕಾರ್ರ ಚಪ್ಪಲ್ ಶೆಡ್ಡಿನಾಗ್ರಿ. ಮೈಮುನಾ ನನ್ನ ಮಗ್ಗಲದಾಗ ಕುಂದರ್ತಾಳ. ನಮ್ಮಲ್ಲಿ ಒಳಗ ಕುಂದರೂ ಏಳು ಮಂದಿವಳಗ ಐದು ಮಂದಿಗೆ ಹಿಂಗ ಆಗೇತ್ರಿ. ಯಾರೋ ಮಾಟಾ ಮಾಡಸ್ಯಾರಂತ.”

ಇಂದುಮತಿ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಉರುಳಿತು. “ಐದು ಮಂದಿಗಾ!” ಎಂದಳು. ಹೊರಗೆ ಕೂತಿದ್ದ ಕೆಮ್ಮಿನವರಿಗೆ, ಜ್ವರದವರಿಗೆ ಬೇಗಬೇಗ ಔಷಧ ಬರೆದುಕೊಟ್ಟು ಕಳಿಸಿದಳು. ನನ್ನನ್ನು ಚೀಲಕ್ಕೆ ಹಾಕಿಕೊಂಡಳು, ನಿಂಬೆವ್ವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡಳು. ಓಣಿಯ ತಗ್ಗುದಿಣ್ಣೆಗಳಲ್ಲಿ ಸ್ಕೂಟರ್ ಹಾರಿದಾಗಲೆಲ್ಲ ನಾನು ಚೀಲದಲ್ಲಿ ಗುಂಯ್ ಗುಂಯ್ ಎನ್ನುತ್ತಿದ್ದೆ. ಅಂಥ ಸವಾರಿ ನನ್ನ ಜನ್ಮದಲ್ಲಿ ಅದೇ ಮೊದಲು!

ಶೆಡ್ಡಿಗೆ ಎರಡು ಭಾಗ. ಹೊರಗೆ ಮಾಡಿನ ಕೆಳಗೆ, ಗಾಳಿಯಾಡುವ ಜಾಗದಲ್ಲಿ, ಗಂಡಸರು ಅಟ್ಟೆ ಕತ್ತರಿಸುತ್ತಿದ್ದರು. ಒಳಗಿನ ಕೋಣೆಯಲ್ಲಿ ಹೆಂಗಸರು ನೆಲದ ಮೇಲೆ ಸಾಲಾಗಿ ಕೂತು ಅಂಟಿಸುತ್ತಿದ್ದರು. ಹಸಿ ಅಂಟಿಗೆ ಧೂಳು ಕೂರಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಪ್ರತಿಯೊಬ್ಬರ ಮುಂದೆಯೂ ಬಾಯಿ ತೆರೆದ ಒಂದು ಡಬ್ಬಿ. ಅದರಲ್ಲಿ ಸಲೂಶನ್. ಚಪ್ಪಲಿ ಅಂಟಿಸುವ ಗೋಂದಿಗೆ ಅಲ್ಲಿ ಎಲ್ಲರೂ ಅದೇ ಹೆಸರು ಹೇಳುತ್ತಾರೆ.

ಇಂದುಮತಿ ಬಾಗಿಲಲ್ಲಿ ನಿಂತು ಮೂಸಿದಳು. “ವಾಸನಿ ಅಂಥಾದ್ದೇನಿಲ್ಲಲ್ಲ” ಎಂದಳು. ಆಮೇಲೆ ನನ್ನನ್ನು ಹಿಡಿದು ಮೈಮುನಾಳ ಪಕ್ಕದಲ್ಲಿ ನೆಲಕ್ಕೆ ಕೂತಳು. ಕೂತ ಕೂಡಲೇ ಅವಳ ಮುಖ ಬದಲಾಯಿತು. ಪೆಟ್ರೋಲಿನಂಥ, ಸ್ವಲ್ಪ ಸಿಹಿಯಾದ ದಟ್ಟ ವಾಸನೆ! ಎದ್ದು ನಿಂತಳು, ವಾಸನೆ ತೆಳುವಾಯಿತು. ಮತ್ತೆ ಕೂತಳು, ಮತ್ತೆ ಬಂತು. ನೋಡುತ್ತಿದ್ದ ಹೆಂಗಸರು ಡಾಕ್ಟರ್ ಬಾಯಿಗೆ ಏನಾಯಿತೆಂದು ಮುಖ ಮುಖ ನೋಡಿಕೊಂಡರು.

“ಇದರ ಹಬಿ ಗಾಳಿಕಿಂತ ವಜ್ಜಾ ಐತಿ!” ಎಂದು ಇಂದುಮತಿ ಕೂಗಿದಳು. “ಕೆಳಗ ಕುಂದರ್ತೈತಿ, ನೀವು ಕುಂತಲ್ಲೇ! ಈ ಸಲೂಶನ್ ಯಾವಾಗಿಂದ ತರಸಾಕತ್ತಾರ?”

“ದಸರಾ ಮುಗದ ಮ್ಯಾಲಿಂದ್ರಿ” ಎಂದಳು ನಿಂಬೆವ್ವ. “ಮೊದಲಿಂದು ಒಣಗಾಕ ಅರ್ಧಾ ತಾಸು ಬೇಕಾಗ್ತಿತ್ತು. ಇದು ಉಫ್ ಅನ್ನೂದ್ರಾಗ ಹಿಡಿತೈತಿ. ಕೈಗೆ ಹತ್ತಿದ್ರ, ಇದನ್ನ ತೆಳು ಮಾಡಾಕ ಕಲಸೂ ನೀರೈತಲ್ರಿ, ಅದರಿಂದನ ತಿಕ್ಕಿ ತಗಿತೀವ್ರಿ.”

ಮೈಮುನಾ ತನ್ನ ಎರಡೂ ಕೈ ಮುಂದೆ ಹಿಡಿದಳು. ಬೆರಳ ತುದಿಗಳು ಒಣಗಿ, ಬಿಳಿಚಿ, ಸಿಪ್ಪೆ ಎದ್ದಿದ್ದವು.

ಅಷ್ಟರಲ್ಲಿ ಶೆಡ್ಡಿನ ಮಾಲೀಕ ಗುರುನಾಥ ಪಾವಟೆ ಒಳಗೆ ಬಂದ. ಐವತ್ತೈದರ ಮನುಷ್ಯ. ದೊಡ್ಡ ಡಬ್ಬಿಯಿಂದ ಸಣ್ಣ ಡಬ್ಬಿಗಳಿಗೆ ಸಲೂಶನ್ ಕಲಸಿ ಹಾಕುವವನು ಅವನೇ, ಆ ಕೆಲಸವನ್ನು ಬೇರೆಯವರಿಗೆ ಕೊಡುತ್ತಿರಲಿಲ್ಲ. ನಾನು ನೆಲದಲ್ಲಿದ್ದೆನಲ್ಲ, ಅವನ ಮುಖಕ್ಕಿಂತ ಮೊದಲು ಅವನ ಪಾದ ಕಂಡಿತು. ಒಂದು ಕೈ ಗೋಡೆಯ ಮೇಲೇ ಇತ್ತು.

“ಇದೇನು ಆಟಾ ಹಚ್ಚೀರಿ ಬಾಯಾರ? ಕಬ್ಬಣದ ತುಂಡು ಹಿಡಕೊಂಡು ನನ್ನ ಶೆಡ್ಡು ಮುಚ್ಚಸಾಕ ಬಂದೀರೇನು?”

“ಇವರ ಕಾಲಬೆಳ್ಳಿಗೆ ಇದರ ನಡುಕಾ ತಿಳಿವಲ್ದ್ರಿ. ನರಾ ಸತ್ತಾವು. ನಿಮ್ಮ ಸಲೂಶನ್ ಮ್ಯಾಲೆ ನನಗ ಸಂಶೇ ಐತಿ.”

“ನಿಮ್ಮ ಚಮಚಾನ ಕೆಟ್ಟಿರಬೇಕು! ಇಡ್ರಿ ನನ್ನ ಕಾಲಿಗೆ. ನೋಡೇ ಬಿಡೂಣು!”

ಸ್ಟೂಲಿನ ಮೇಲೆ ಕೂತು ಕಾಲು ಚಾಚಿದ. ಕಣ್ಣು ಮುಚ್ಚಿದ. ಇಂದುಮತಿ ನನ್ನನ್ನು ಎಂದಿಗಿಂತ ಜೋರಾಗಿ ತಟ್ಟಿ ಅವನ ಹೆಬ್ಬೆರಳ ಮೇಲೆ ನಿಲ್ಲಿಸಿದಳು. ನಾನು ನಡುಗಿದೆ, ನಡುಗಿದೆ, ನಿಲ್ಲುವವರೆಗೂ ನಡುಗಿದೆ.

ಪಾವಟೆ ಕಣ್ಣು ತೆರೆದ. ಮುಖದಲ್ಲಿ ಗೆದ್ದ ನಗು. “ನೋಡ್ರಿ! ನನಗೂ ಏನೂ ತಿಳಿಲಿಲ್ಲ! ಅಂದ್ರ ಇದು ಕೆಟ್ಟೈತಿ ಅಂತಾತಿಲ್ಲೋ?”

ಮಗಳಿಗೆ ಊಟದ ಡಬ್ಬಿ ತಂದಿದ್ದ ಹಜರತ್‌ಬಿ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. “ತಡೀರಿ, ನನಗ ಇಡ್ರಿ” ಎಂದು ಮುಂದೆ ಬಂದು ಕಾಲು ಚಾಚಿದಳು. ನಾನು ಅವಳ ಬೆರಳು ಮುಟ್ಟಿದ್ದೇ ತಡ, “ಯಾ ಅಲ್ಲಾ!” ಎಂದು ಕಿರುಚಿ ಕಾಲು ಎಳೆದುಕೊಂಡಳು. ಕೈಯಲ್ಲಿದ್ದ ಡಬ್ಬಿ ನೆಲಕ್ಕೆ ಬಿದ್ದು ಗಡಗಡ ಉರುಳಿತು. “ಇರಿವಿ ಹರದಂಗ ಆತಲ್ರಿ! ಮೊಣಕಾಲತನಾ ಏರ್ತು!”

ಹೆಂಗಸರು ಗೊಳ್ಳೆಂದು ನಕ್ಕರು. ಮರುಕ್ಷಣವೇ ನಗು ನಿಂತಿತು. ನಗುವಿನ ಅರ್ಥ ಎಲ್ಲರಿಗೂ ಒಟ್ಟಿಗೇ ಹೊಳೆದಿತ್ತು.

ಇಂದುಮತಿ ನನ್ನನ್ನು ಹಿಡಿದು ಹೊರಗೆ ಓಡಿದಳು. ಅಟ್ಟೆ ಕತ್ತರಿಸುತ್ತಿದ್ದ ಆರೂ ಗಂಡಸರ ಕಾಲಿಗೆ ಒಂದೊಂದಾಗಿ ಇಟ್ಟಳು. “ಹೌದ್ರಿ, ಬಂತು.” “ಬಂತ್ರಿ.” “ಓ, ನಡಗತೈತಿ!” ಆರೂ ಬಾಗಿಲು ತೆರೆದಿದ್ದವು! ಒಳಗಿನ ಏಳು ಹೆಂಗಸರಲ್ಲಿ ಐವರ ಬಾಗಿಲು ಮುಚ್ಚಿತ್ತು. ಉಳಿದ ಇಬ್ಬರು ಕೆಲಸಕ್ಕೆ ಸೇರಿ ಮೂರು ವಾರವೂ ಆಗಿರಲಿಲ್ಲ. ಒಂದೇ ಶೆಡ್ಡು, ಒಂದೇ ಬಾವಿಯ ನೀರು, ಒಂದೇ ಚಹಾ. ನಡುವೆ ಇದ್ದದ್ದು ಒಂದು ಗೋಡೆ. ಆ ಗೋಡೆಯ ಒಳಗಿತ್ತು ಉತ್ತರ.

ಒಳಗೆ ಬಂದಾಗ ಪಾವಟೆ ಇನ್ನೂ ಸ್ಟೂಲಿನ ಮೇಲೇ ಇದ್ದ. ತನ್ನ ಹೆಬ್ಬೆರಳನ್ನು ತಾನೇ ಚಿವುಟಿ ಚಿವುಟಿ ನೋಡುತ್ತಿದ್ದ.

“ಬಾಯಾರ, ನಾ ಗ್ವಾಡಿ ಹಿಡಕೊಂಡು ಅಡ್ಡಾಡಾಕತ್ತು ಒಂದು ತಿಂಗಳಾತ್ರಿ. ವಯಸ್ಸಾತು ಅಂತ ತಿಳಕೊಂಡಿದ್ದೆ.” ಬೆರಳು ಬಿಟ್ಟು ತಲೆ ಎತ್ತಿ, “ಕಿಡಕಿ ತಗೀರಿ. ಡಬ್ಬಿ ಎಲ್ಲಾ ಮುಚ್ಚಿ ಹೊರಗ ಒಯ್ರಿ” ಎಂದ. ಕಿಟಕಿಗಳು ಧಡಧಡ ತೆರೆದ ಆ ಸದ್ದು!

ಮರುದಿನದಿಂದ ಓಡಾಟ. ದೊಡ್ಡ ಆಸ್ಪತ್ರೆಯಲ್ಲಿ ತಂತಿ ಹಚ್ಚಿ ನರಗಳ ಓಟವನ್ನು ಅಳೆದರು. ಇಂದುಮತಿ ತನ್ನ ಹಳೆಯ ಪ್ರೊಫೆಸರಿಗೆ ಫೋನು ಮಾಡಿದಳು. ಸಲೂಶನ್ನಿನ ಮಾದರಿ ಪರೀಕ್ಷೆಗೆ ಹೋಯಿತು. ಉತ್ತರ ಬಂತು: ಹೆಕ್ಸೇನ್. ಪೆಟ್ರೋಲಿಯಂನಿಂದ ಬರುವ ಒಂದು ದ್ರವ, ಬೇಗ ಹಾರಿಹೋಗುತ್ತದೆ, ಅದಕ್ಕೇ ಅಂಟು ಬೇಗ ಒಣಗುತ್ತದೆ. ಉಸಿರಿನ ಮೂಲಕ, ಚರ್ಮದ ಮೂಲಕ ಮೈಯೊಳಗೆ ಸೇರಿ ನರಗಳನ್ನು ಕೆಡಿಸುತ್ತದೆ. ಅದೂ ಉದ್ದದ ನರಗಳ ತುದಿಯನ್ನು ಮೊದಲು. ಅದಕ್ಕೇ ಪಾದದಿಂದ ಶುರು. ಇಂದುಮತಿ ಇದನ್ನು ಹೆಂಗಸರಿಗೆ ಹೇಳಿದ ರೀತಿ ನನಗೆ ಇಂದಿಗೂ ಇಷ್ಟ. “ಕೆರಿಗೆ ದೂರ ಇರೂ ಓಣಿಗೆ ನೀರು ಮೊದಲ ನಿಂದರ್ತೈತಿ ನೋಡ್ರಿ, ಹಂಗ.”

“ಔಷಧ ಏನ್ರಿ ಇದಕ್ಕ?” ಎಂದು ಮೈಮುನಾ ಕೇಳಿದಳು.

“ದೂರ ಇರೂದ ಔಷಧ. ಚಲೋತ್ನಾಗ ಉಣ್ಣೂದು, ಕಾಲಿಗೆ ದಿನಾ ವ್ಯಾಯಾಮ. ನರಾ ತಾನ ಬೆಳಿತೈತಿ, ಸಾವಕಾಶ. ಆದ್ರ ಒಂದು ಮಾತು ಕೇಳ್ರಿ. ಕೆಲಸಾ ಬಿಟ್ಟ ಮ್ಯಾಲೂ ಎರಡು ಮೂರು ತಿಂಗಳು ಕಾಲು ಇನ್ನಷ್ಟು ಕೆಡಬಹುದು. ಆಮ್ಯಾಲ ತಿರುಗತೈತಿ. ಅಲ್ಲಿತನಾ ಧೈರ್ಯಾ ಬಿಡಬ್ಯಾಡ್ರಿ.”

ಎಲ್ಲರೂ ತಲೆ ಆಡಿಸಿದರು. ಪಾವಟೆ ಅಂಟಿಸುವ ಕೆಲಸ ನಿಲ್ಲಿಸಿ, ಹೊರಗಿನ ಮಾಡಿನ ಕೆಳಗೆ ದಾರದಿಂದ ಹೊಲಿಯುವ ಕೆಲಸ ಮಾತ್ರ ಇಟ್ಟ. ಆದರೆ ಇಂದುಮತಿ ಹೇಳಿದ್ದ ಆ ಕೆಡುವ ದಿನಗಳು ಬಂದೇ ಬಂದವು. ಮೈಮುನಾ ಎರಡು ಕೋಲು ಹಿಡಿಯಬೇಕಾಯಿತು, ಆಮೇಲೆ ಕೋಲು ಹಿಡಿದರೂ ನಡೆಯಲಾಗಲಿಲ್ಲ. ಕೈಬೆರಳೂ ಸೋತು ಕುಪ್ಪಸದ ಗುಂಡಿ ಹಾಕಲು ತಾಯಿ ಬೇಕಾದಳು. ಓಣಿಯಲ್ಲಿ ಕುಷ್ಠ ಎಂಬ ಪಿಸುಮಾತು ಹುಟ್ಟಿತು. ನಳದ ಹತ್ತಿರ ಹಜರತ್‌ಬಿಯ ಕೊಡದ ಪಕ್ಕದಲ್ಲಿ ಯಾರೂ ತಮ್ಮ ಕೊಡ ಇಡದಾದರು.

ಪ್ರತಿ ಸೋಮವಾರ ನಾನು ಇಂದುಮತಿಯ ಚೀಲದಲ್ಲಿ ಅವರ ಮನೆಗೆ ಹೋಗುತ್ತಿದ್ದೆ. ಪ್ರತಿ ಸೋಮವಾರ ಹೆಬ್ಬೆರಳು ಸುಮ್ಮನಿರುತ್ತಿತ್ತು. ಮೊದಲು ಸುದ್ದಿ ಹಿಡಿಯುತ್ತಿದ್ದ ಮೊಣಕಾಲೂ ಮಂಕಾಗುತ್ತ ಬಂತು. ಒಂದು ಸೋಮವಾರ ಹಜರತ್‌ಬಿ ಬಾಗಿಲಿಗೆ ಅಡ್ಡ ನಿಂತಳು.

“ಸಲೂಶನ್ ಹಚ್ಚೂಮುಂದ ನನ್ನ ಮಗಳು ನಡೀತಿದ್ಲು. ನೀವು ಬಿಡಸಿದ್ರಿ, ಈಗ ಹಾಸಿಗಿ ಹಿಡದಾಳ. ಸಾಕ್ರಿ ಬಾಯಾರ, ನಿಮ್ಮ ಚಮಚಾ ತಗೊಂಡು ಹೋಗ್ರಿ.”

ಒಳಗಿನಿಂದ ಮೈಮುನಾಳ ದನಿ ಬಂತು. “ಅಮ್ಮೀ, ಬಿಡು ಅವ್ರನ್ನ. ಹೇಳಿದ್ದ ಆಗಾಕತ್ತೈತಿ. ಕೆಡ್ತೈತಿ ಅಂದ್ರು, ಕೆಟ್ಟೈತಿ. ತಿರುಗತೈತಿ ಅಂದಾರ. ಅದನ್ನೂ ನೋಡೂಣು.”

ಆ ಹುಡುಗಿಯ ಎದೆಗಾರಿಕೆಗೆ ನಾನು ಏನೆನ್ನಲಿ! ಅಂದು ಮಧ್ಯಾಹ್ನ ದವಾಖಾನೆ ಖಾಲಿಯಾದ ಮೇಲೆ ಇಂದುಮತಿ ಬಾಗಿಲು ಹಾಕಿಕೊಂಡು, ನನ್ನನ್ನು ತಟ್ಟಿ, ತನ್ನ ಹೆಬ್ಬೆರಳ ಮೇಲೇ ಇಟ್ಟುಕೊಂಡಳು. ನಡುಕ ಮುಗಿಯುವವರೆಗೂ ಹಾಗೇ ಕೂತಿದ್ದಳು.

ಮೂರನೆಯ ತಿಂಗಳು ಮುಗಿಯಿತು. ನಾಲ್ಕನೆಯ ತಿಂಗಳು ಕೆಡುವುದು ನಿಂತಿತು. ಐದನೆಯ ತಿಂಗಳ ಒಂದು ಸೋಮವಾರ ನನ್ನನ್ನು ಮೊಣಕಾಲ ಕೆಳಗಿನ ಎಲುಬಿನ ಮೇಲೆ ಇಟ್ಟಾಗ ಮೈಮುನಾಳ ಹುಬ್ಬು ಮೇಲೆದ್ದಿತು. “ಬಾಯಾರ, ಇನ್ನೊಮ್ಮೆ ಇಡ್ರಿ.” ಇಂದುಮತಿ ಇಟ್ಟಳು. “ಇನ್ನೊಮ್ಮೆ!” ಇಟ್ಟಳು. “ಬರಾಕತ್ತೈತ್ರಿ! ದೂರದಿಂದ, ಯಾರೋ ಗ್ವಾಡಿ ಆಚಿ ಬಡದಂಗ!”

ಅಂದಿನಿಂದ ಪ್ರತಿ ಸೋಮವಾರವೂ ಹಬ್ಬ! ಎಲುಬಿನ ಗುಂಟ ಒಂದೊಂದೇ ಬೆರಳಗಲ ನಾವು ಕೆಳಗಿಳಿಯುತ್ತಿದ್ದೆವು. ಸುದ್ದಿ ತಿಳಿದ ಜಾಗಕ್ಕೆ ಮೈಮುನಾ ಪೆನ್ನಿನಿಂದ ಗೆರೆ ಎಳೆಯುತ್ತಿದ್ದಳು. ಏಳನೆಯ ತಿಂಗಳು ಗೆರೆ ಹಿಮ್ಮಡಿಯ ಗಂಟು ಮುಟ್ಟಿತು. ಅವಳು ಕೋಲು ಹಿಡಿದು ಬಾಗಿಲವರೆಗೆ ಬಂದಳು. ಓಣಿಯ ಹೆಂಗಸರು ನಳದ ಬಳಿಯಿಂದಲೇ ನಿಂತು ನೋಡಿದರು. ಮಾರನೆಯ ದಿನ ಯಾರೋ ಒಬ್ಬರು ಏನೂ ಹೇಳದೆ ಹಜರತ್‌ಬಿಯ ಕೊಡದ ಪಕ್ಕ ತಮ್ಮ ಕೊಡ ಇಟ್ಟರು.

ಹೆಬ್ಬೆರಳು ಬಾಗಿಲು ತೆರೆದದ್ದು ಹತ್ತನೆಯ ತಿಂಗಳಲ್ಲಿ. ಆ ದಿನ ಪಾವಟೆ, ನಿಂಬೆವ್ವ, ಉಳಿದವರೆಲ್ಲ ಅದೇ ಮನೆಯಲ್ಲಿ ಸೇರಿದ್ದರು. ಮೈಮುನಾ ಕಣ್ಣು ಮುಚ್ಚಿದಳು. ನಾನು ಇಳಿದೆ. ಒಂದು ಕ್ಷಣ, ಎರಡು ಕ್ಷಣ.

“ಬಂತು!”

ಅವಳ ಕೂಗಿಗೆ ಮಾಡಿನ ಮೇಲಿನ ಪಾರಿವಾಳಗಳು ಹಾರಿಹೋದವು. ಹಜರತ್‌ಬಿ ನನ್ನನ್ನು ಇಂದುಮತಿಯ ಕೈಯಿಂದ ಕಸಿದುಕೊಂಡು ಕಣ್ಣಿಗೊತ್ತಿಕೊಂಡಳು. ಅವಳ ಕಣ್ಣೀರು ನನ್ನ ಉಕ್ಕಿನ ಮೈಮೇಲೆ ಇಳಿಯಿತು. ಪಾವಟೆಯ ಬೆರಳಿಗೂ ಅದೇ ತಿಂಗಳು ಸುದ್ದಿ ಮುಟ್ಟಿತು. ಒಬ್ಬೊಬ್ಬರಾಗಿ ಇನ್ನೂ ಮೂವರಿಗೆ ಮುಟ್ಟಿತು.

ನಿಂಬೆವ್ವನಿಗೆ ಮುಟ್ಟಲಿಲ್ಲ. ಅವಳು ಎಲ್ಲರಿಗಿಂತ ಹೆಚ್ಚು ಹೊತ್ತು ಆ ಕೋಣೆಯಲ್ಲಿ ಕೂತವಳು. ಗೆರೆ ಹಿಮ್ಮಡಿಯ ಮೇಲೆಯೇ ನಿಂತುಬಿಟ್ಟಿತು. ಪಾದ ಜೋತುಬೀಳದಂತೆ ಒಂದು ಪಟ್ಟಿ ಕಟ್ಟಿಕೊಂಡು ನಡೆಯುತ್ತಿದ್ದಳು. ನಾನು ಅವಳ ಬೆರಳ ಮೇಲೆ ಎಷ್ಟು ಸಲ ನಡುಗಿದೆನೋ ಲೆಕ್ಕವಿಲ್ಲ. ಒಮ್ಮೆ ಅವಳೇ ಇಂದುಮತಿಯ ಕೈ ಹಿಡಿದು, “ಇರಲಿ ಬಿಡ್ರಿ ಬಾಯಾರ. ನನ್ನ ಬೆಳ್ಳು ಸುಮ್ನ ಕುಂತೈತಿ, ಉಳದವರದು ಮಾತಾಡ್ತಾವಲ್ಲ” ಎಂದಳು. ಇಂದುಮತಿ ಬಗ್ಗಿ ಅವಳ ಪಾದದ ಪಟ್ಟಿಯನ್ನು ಸರಿಮಾಡಿ ಕಟ್ಟಿದಳು.

ಪಾವಟೆಯ ಶೆಡ್ಡಿನಲ್ಲಿ ಮತ್ತೆ ಅಂಟಿಸುವ ಕೆಲಸ ಶುರುವಾಯಿತು, ಆದರೆ ಈಗ ನೀರಿನಲ್ಲಿ ಕಲಸಿದ ಗೋಂದು. ನಿಧಾನವಾಗಿ ಒಣಗುತ್ತದೆ, ಒಣಗಲಿ. ಕಿಟಕಿ ತೆರೆದೇ ಇರುತ್ತವೆ. ಗಾಳಿ ಎಳೆದು ಹೊರಹಾಕುವ ಫ್ಯಾನನ್ನು ಸೂರಿನಡಿಯಲ್ಲಿ ಹಾಕದೆ ನೆಲದ ಹತ್ತಿರ ಕೂರಿಸಿದರು. ಅಷ್ಟಕ್ಕೇ ಮುಗಿಯಲಿಲ್ಲ. ಊರಲ್ಲಿ ಅಂಥ ಶೆಡ್ಡುಗಳು ಇನ್ನೂ ಇದ್ದವು. ಪಾವಟೆ ಕೋಲು ಊರಿಕೊಂಡು ಒಂದೊಂದಕ್ಕೂ ಹೋದ. ಜೊತೆಯಲ್ಲಿ ಮೈಮುನಾ, ಅವಳ ಕೈಯಲ್ಲಿ ನಾನು! ಮಾಲೀಕರು ಗುರುಗುಟ್ಟಿದರೆ ಪಾವಟೆ ಸ್ಟೂಲು ಎಳೆದು ಹೇಳುತ್ತಿದ್ದ, “ಸಿಟ್ಟು ಆಮ್ಯಾಲ ಮಾಡ್ರಿ. ಮೊದಲ ಕಾಲು ಚಾಚ್ರಿ.” ನಾಲ್ಕನೆಯ ಶೆಡ್ಡಿನಲ್ಲಿ ಮುಚ್ಚಿದ ಬೆರಳುಗಳು ಸಿಕ್ಕವು. ಮೂರು ಜನ. ಅವರಿಗೆ ನಡಿಗೆ ಇನ್ನೂ ತಪ್ಪಿರಲಿಲ್ಲ. ನಾವು ಹೊತ್ತಿಗೆ ಸರಿಯಾಗಿ ಹೋಗಿದ್ದೆವು! ಆ ದಿನ ಹಿಂತಿರುಗುವಾಗ ಮೈಮುನಾ ನನ್ನನ್ನು ದಾರಿಯುದ್ದಕ್ಕೂ ತಟ್ಟುತ್ತಲೇ ಬಂದಳು. ಆಟೋದವನು ತಿರುಗಿ ತಿರುಗಿ ನೋಡಿದ.

ಈಗ ನನಗೆ ವಯಸ್ಸಾಗಿದೆ. ಒಂದು ಸಲ ಓಡುವ ಸ್ಕೂಟರಿನಿಂದ ಬಿದ್ದು ನನ್ನ ಒಂದು ತೋಳು ಬಗ್ಗಿತು. ಆಮೇಲೆ ನನ್ನ ಸದ್ದು ಒಡಕಾಯಿತು, ನಡುಕವೂ ಬೇಗ ನಿಲ್ಲುತ್ತದೆ. ಇಂದುಮತಿ ಹೊಸ ಕವೆ ಕೊಂಡಳು. ಅವಳ ತಲೆಯಲ್ಲೂ ಬೆಳ್ಳಿಕೂದಲು ಬಂದಿದೆ. ನನ್ನನ್ನು ಗುಜರಿಗೆ ಹಾಕಲು ಮನಸ್ಸಾಗದೆ ಪಾವಟೆಯ ಶೆಡ್ಡಿಗೆ ಕೊಟ್ಟಳು. ಈಗ ಆ ಶೆಡ್ಡಿನ ಮ್ಯಾನೇಜರ್ ಮೈಮುನಾ. ಕಿಟಕಿಯ ಪಕ್ಕದ ಮೊಳೆಗೆ ದಾರ ಕಟ್ಟಿ ನನ್ನನ್ನು ತೂಗುಹಾಕಿದ್ದಾರೆ. ಜೋರಾಗಿ ಗಾಳಿ ಬೀಸಿದರೆ ಗೋಡೆಗೆ ತಾಗಿ ಒಂದಿಷ್ಟು ಗುನುಗುತ್ತೇನೆ. ತಿಂಗಳ ಮೊದಲ ಸೋಮವಾರ ನನಗೆ ಕೆಲಸ. ಎಲ್ಲರೂ ಚಪ್ಪಲಿ ಕಳಚಿ ಸಾಲಾಗಿ ಕೂರುತ್ತಾರೆ. ಸಂಶಯ ಬಂದವರನ್ನು ಇಂದುಮತಿಯ ಹೊಸ ಕವೆಯ ಬಳಿಗೆ ಕಳಿಸುತ್ತಾರೆ.

ಎಷ್ಟೋ ಪಾದಗಳನ್ನು ನೋಡಿದ ಮೇಲೆ ನನಗೊಂದು ಮಾತು ತಿಳಿದಿದೆ. ಮೂಗಿಗೆ ವಾಸನೆ ಬೇಗ ರೂಢಿಯಾಗುತ್ತದೆ, ಕಾಲು ಗಂಟೆಯಲ್ಲಿ ಏನೂ ಇಲ್ಲವೆನ್ನುತ್ತದೆ. ಬಾಯಿಯೂ ಸುಮ್ಮನಿರುತ್ತದೆ, ಕೆಲಸ ಹೋದೀತೆಂಬ ಹೆದರಿಕೆ ಅದಕ್ಕೆ. ಮನುಷ್ಯನ ತುಟ್ಟತುದಿಯಲ್ಲಿ, ಧೂಳಿನಲ್ಲಿ ಇರುವ ಆ ಬೆರಳು ಮಾತ್ರ ಕೇಳಿದರೆ ನಿಜ ಹೇಳುತ್ತದೆ. ಯಾರಾದರೂ ಬಗ್ಗಿ ಕೇಳಬೇಕು, ಅಷ್ಟೆ.

ಮೊನ್ನೆ ಸೋಮವಾರ ಹೊಸದಾಗಿ ಸೇರಿದ ಯಲ್ಲೂಬಾಯಿ ಎಂಬ ಹತ್ತೊಂಬತ್ತರ ಹುಡುಗಿ ಸಾಲಿನ ಕೊನೆಯಲ್ಲಿ ಕೂತಿದ್ದಳು. ಮೈಮುನಾ ನೆಲಕ್ಕೆ ಕೂತು, ನನ್ನನ್ನು ಅಂಗೈಗೆ ತಟ್ಟಿ, ಅವಳ ಹೆಬ್ಬೆರಳಿಗೆ ಇಟ್ಟಳು.

“ಯಕ್ಕಾ! ಕಚಗುಳಿ ಆಗತೈತಿ, ತಗೀ!” ಎಂದು ಹುಡುಗಿ ಕಾಲು ಜಾಡಿಸಿ ಕಿಲಕಿಲ ನಕ್ಕಳು.

ಮೈಮುನಾ ತೆಗೆಯಲಿಲ್ಲ. ಒಡಕು ಸದ್ದಿನ ಈ ಮುದಿ ಕವೆ ತನ್ನ ಕೊನೆಯ ನಡುಕದವರೆಗೂ ಅಲ್ಲೇ ನಿಂತಿತು, ಹುಡುಗಿ ಅಲ್ಲಿಯವರೆಗೂ ನಗುತ್ತಲೇ ಇದ್ದಳು.